ಗೇರ್‌ಬಾಕ್ಸ್ ಇಳಿಸುವ ಮುನ್ನ ತೊಳೆದು ನೋಡಿ

ಮಾನ್ಯ ಸಂಪಾದಕರೇ,

ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದಿಂದ ಆಯಿಲ್ ತೊಟ್ಟಿಕ್ಕುವುದು ಕಂಡರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೊದಲ ಮಾತು ‘ಸೀಲ್ (ತಿರುಗುವ ಶಾಫ್ಟಿನ ಸುತ್ತ ಆಯಿಲ್ ಹೊರಬರದಂತೆ ತಡೆಯುವ ಬಳೆ) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಎಂಬುದು. ಇಳಿಸಲೇಬೇಕಾದ ಸಂದರ್ಭಗಳು ಖಂಡಿತ ಇವೆ. ಆದರೆ ಅದೇ ಜಾಗದಲ್ಲಿ ತೊಟ್ಟಿಕ್ಕುವ ಆಯಿಲ್ ಎಂಜಿನ್ನಿನ ತಲೆಯ ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್‌ನಿಂದ ಇಳಿದದ್ದೂ ಆಗಿರಬಹುದು, ಹಿಂದಿನ ದೀಪ ಹೊತ್ತಿಸಲು ಗೇರ್‌ಬಾಕ್ಸಿನ ಮೇಲಿರುವ ರಿವರ್ಸ್ ಸ್ವಿಚ್‌ನಿಂದ ಒಸರಿದ್ದೂ ಆಗಿರಬಹುದು. ಅವೆರಡನ್ನೂ ಸರಿಪಡಿಸಲು ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಕೆಲವು ನೂರು ರೂಪಾಯಿಯ ಸೀಲ್ ಹಾಕಲು ಸಾವಿರಾರು ರೂಪಾಯಿ ಕೂಲಿ ಕೊಟ್ಟು, ಮರುವಾರ ಅದೇ ಕಲೆ ನೆಲದ ಮೇಲೆ ಮತ್ತೆ ಕಂಡಾಗ ಕಾರಿನವರಿಗೂ ನಷ್ಟ, ಮೆಕ್ಯಾನಿಕ್‌ಗೂ ಕೆಟ್ಟ ಹೆಸರು. ಬಿಚ್ಚುವ ಮುನ್ನ ಎರಡು ಪ್ರಶ್ನೆಗೆ ಉತ್ತರ ಸಿಗಲೇಬೇಕು: ಸೋರುತ್ತಿರುವುದು ಯಾವ ದ್ರವ? ಅದು ಹೊರಡುವ ಅತ್ಯಂತ ಮೇಲಿನ ಬಿಂದು ಯಾವುದು? ಇದನ್ನು ಪತ್ತೆ ಮಾಡುವ ಬಗೆಯನ್ನು ಕಾರು ಇಟ್ಟವರೂ ಈ ಕೆಲಸ ಕಲಿಯುತ್ತಿರುವ ಹುಡುಗರೂ ತಿಳಿದಿರಲಿ ಎಂದು ಈ ಪತ್ರ.

ದ್ರವದಿಂದಲೇ ಶುರು ಮಾಡೋಣ. ರಾತ್ರಿ ಕಾರು ನಿಲ್ಲಿಸುವಾಗ ಎಂಜಿನ್ನಿನ ಅಡಿ ದೊಡ್ಡ ರಟ್ಟು ಹಾಸಿ, ಮುಂದಿನ ಎರಡು ಚಕ್ರಗಳ ಗುರುತು ಅದರ ಮೇಲೆ ಹಾಕಿಡಿ. ಬೆಳಿಗ್ಗೆ ಎಲ್ಲಿ ಎಷ್ಟು ಹನಿ ಬಿದ್ದಿದೆ ಎಂದು ಗೊತ್ತಾಗುತ್ತದೆ. ಒಂದು ಹನಿಯನ್ನು ಬಿಳಿ ಕಾಗದಕ್ಕೆ ಒತ್ತಿ ಬೆಳಕಿಗೆ ಹಿಡಿಯಿರಿ. ಡೀಸೆಲ್ ಎಂಜಿನ್ ಆಯಿಲ್ ಆದರೆ ಕಪ್ಪು. ಬದಲಿಸಿದ ಕೆಲವೇ ದಿನಗಳಲ್ಲಿ ಅದು ಕಪ್ಪಾಗಿಬಿಡುತ್ತದೆ. ಪೆಟ್ರೋಲ್ ಎಂಜಿನ್ನಿನದು ಕಂದು. ಗೇರ್ ಆಯಿಲ್ ಹೊಸದಿದ್ದಾಗ ಹೊಂಬಣ್ಣ, ಹಳೆಯದಾದಾಗ ಬೂದು ಮಿಶ್ರಿತ ಕಂದು. ಅದನ್ನು ಬಣ್ಣಕ್ಕಿಂತ ವಾಸನೆಯಿಂದ ಗುರುತಿಸುವುದು ಸುಲಭ. ಅದರಲ್ಲಿರುವ ಗಂಧಕದ ಅಂಶದ ಗಾಟು ಮೂಗಿಗೆ ಹೊಡೆಯುತ್ತದೆ, ಕೈ ತೊಳೆದರೂ ಬೇಗ ಹೋಗುವುದಿಲ್ಲ. ಈಚಿನ ಕೆಲವು ತೆಳುವಾದ ಗೇರ್ ಆಯಿಲ್‌ಗಳಲ್ಲಿ ಈ ವಾಸನೆ ಕಡಿಮೆ, ಹಾಗಾಗಿ ವಾಸನೆ ಇಲ್ಲವೆಂದ ಮಾತ್ರಕ್ಕೆ ಗೇರ್ ಆಯಿಲ್ ಅಲ್ಲ ಎನ್ನುವಂತಿಲ್ಲ. ಕೆಂಪು ಬಣ್ಣದ್ದಾದರೆ ಪವರ್ ಸ್ಟೀರಿಂಗ್ ಕಡೆ ಮೊದಲು ನೋಡಿ. ಹಸಿರು ಅಥವಾ ಗುಲಾಬಿ ಬಣ್ಣವಿದ್ದು ಜಿಡ್ಡಿಲ್ಲದಿದ್ದರೆ ಅದು ಕೂಲೆಂಟ್. ಬಣ್ಣವೂ ವಾಸನೆಯೂ ಇಲ್ಲದ ಬರಿಯ ನೀರು ಏಸಿಯದು, ಅದಕ್ಕೆ ಹೆದರಬೇಕಿಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ತಿಳಿಹಳದಿ ಬಣ್ಣದ, ನೀರಿನಷ್ಟೇ ತೆಳುವಾದ, ಬೆರಳಿಗೆ ಜಾರುವ ದ್ರವದ ಬಗ್ಗೆ. ಒಂದು ಲೋಟ ನೀರಿಗೆ ಎರಡು ಹನಿ ಬಿಡಿ. ಎಣ್ಣೆಯಾದರೆ ತೇಲುತ್ತದೆ, ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಬೆರೆತುಹೋಗುತ್ತದೆ. ಹೈಡ್ರಾಲಿಕ್ ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ (ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡುವಲ್ಲಿ ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೇ, ಗೇರ್‌ಬಾಕ್ಸಿಗೆ ಎಂಜಿನ್ನಿನ ಶಕ್ತಿ ತರುವ ಇನ್‌ಪುಟ್ ಶಾಫ್ಟ್ ಸುತ್ತ ಕೂತಿರುತ್ತದೆ. ಅದು ಸೋರಿದರೂ ಹನಿ ಬೀಳುವುದು ಎಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಸೀಲ್ ಸೋರಿದಾಗ ಬೀಳುವ, ಬೆಲ್ ಹೌಸಿಂಗ್ ಅಡಿಯ ಅದೇ ರಂಧ್ರದಿಂದ. ಇಂಥ ಹಲವು ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿ, ಒಂದೇ ಡಾಟ್ 3 ಅಥವಾ ಡಾಟ್ 4 ದ್ರವ. ಕ್ಲಚ್ ಪೆಡಲ್ ಮೆತ್ತಗಾಗಿ ಡಬ್ಬಿಯ ಮಟ್ಟವೂ ಇಳಿಯುತ್ತಿದ್ದರೆ ಆ ಕಾರನ್ನು ‘ಇನ್ನೊಂದು ವಾರ ನೋಡೋಣ’ ಎಂದು ಓಡಿಸಬೇಡಿ. ಆ ಡಬ್ಬಿಗೆ ಅಪ್ಪಿತಪ್ಪಿಯೂ ಎಂಜಿನ್ ಆಯಿಲ್, ಗೇರ್ ಆಯಿಲ್ ಅಥವಾ ಲೀಕ್ ನಿಲ್ಲಿಸುವ ಬಾಟಲಿ ಔಷಧ ಸುರಿಯಬೇಡಿ. ಖನಿಜ ತೈಲ ತಗುಲಿದರೆ ಬ್ರೇಕಿನ ರಬ್ಬರ್‌ಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆ ಕೆಡುತ್ತದೆ. ಮಾರುತಿ 800, ಆಲ್ಟೊದಂಥ ಕೇಬಲ್ ಕ್ಲಚ್ ಕಾರುಗಳಲ್ಲಿ ಈ ಅನುಮಾನವೇ ಬೇಡ. ಅಲ್ಲಿ ಬೆಲ್ ಹೌಸಿಂಗ್‌ನಿಂದ ಬರುವುದು ಎಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಮಾತ್ರ.

ಯಾವ ದ್ರವ ಎಂದು ಗೊತ್ತಾದ ಮೇಲೆ ತೊಳೆಯುವ ಕೆಲಸ. ಇದನ್ನು ಬಿಟ್ಟರೆ ಮುಂದಿನದೆಲ್ಲ ಊಹೆ. ಓಡುವ ಕಾರಿನ ಅಡಿಯ ಗಾಳಿ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಹನಿ ಬೀಳುವ ಜಾಗ ಸೋರುವ ಜಾಗವಾಗಿರುವುದು ಅಪರೂಪ. ಎಂಜಿನ್ ತಣ್ಣಗಾದ ಮೇಲೆ ಜಿಡ್ಡು ಬಿಡಿಸುವ ಡಿಗ್ರೀಸರ್ ಹಚ್ಚಿ, ಬ್ರಶ್ಶಿನಿಂದ ಉಜ್ಜಿ, ಗೇರ್‌ಬಾಕ್ಸಿನ ಹೊರಕವಚದ (ಕೇಸ್) ಪಕ್ಕೆಗಳ ನಡುವೆ ಕೂತ ಮಣ್ಣು ಬಿಡಿಸಿ ಒಣಗಿಸಬೇಕು. ಪ್ರೆಶರ್ ವಾಶ್ ಮಾಡುವಾಗ ಆಲ್ಟರ್ನೇಟರ್, ವೈರಿಂಗ್ ಕನೆಕ್ಟರ್ ಮತ್ತು ಗೇರ್‌ಬಾಕ್ಸಿನ ಗಾಳಿಕಿಂಡಿಯಾದ ಬ್ರೀದರ್ ಕಡೆಗೆ ನೀರಿನ ಧಾರೆ ಹಿಡಿಯಬಾರದು. ಒಣಗಿದ ಮೇಲೆ ಎಂಜಿನ್ ಪೂರ್ತಿ ಬಿಸಿಯಾಗುವಂತೆ 15–20 ಕಿ.ಮೀ. ಓಡಿಸಿ ತಂದು ಲಿಫ್ಟಿಗೆ ಏರಿಸಿ ಟಾರ್ಚ್ ಹಿಡಿದು ನೋಡಿ. ಅನುಮಾನದ ಜಾಗಕ್ಕೆ ಮೊದಲೇ ಟಾಲ್ಕಂ ಪೌಡರ್ ಉದುರಿಸಿದ್ದರೆ ಆಯಿಲ್ ಹರಿದ ದಾರಿ ಗೆರೆಯಾಗಿ ಕಾಣುತ್ತದೆ. ಹುಡುಕಬೇಕಾದದ್ದು ಅತ್ಯಂತ ಮೇಲಿನ, ಅತ್ಯಂತ ಮುಂದಿನ ಒದ್ದೆ ಜಾಗವನ್ನು.

ಮನೆಯಲ್ಲೇ ನೋಡುವವರು ಬರಿಯ ಜಾಕ್ ನಂಬಿ ಕಾರಿನ ಅಡಿ ನುಗ್ಗಬೇಡಿ. ಆಕ್ಸಲ್ ಸ್ಟ್ಯಾಂಡ್ ಬೇಕು, ನೆಲದಲ್ಲೇ ಉಳಿದ ಚಕ್ರಗಳಿಗೆ ಅಡ್ಡಗಲ್ಲು ಬೇಕು. ಕಾರನ್ನು ಹಾಲೋ ಬ್ಲಾಕ್, ಇಟ್ಟಿಗೆಗಳ ಮೇಲೆ ಕೂರಿಸಲೇಬಾರದು. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಇನ್ನು ಸೋರುವ ಜಾಗಗಳು. ಗೇರ್‌ಬಾಕ್ಸಿಗೆ ಸಂಬಂಧವೇ ಇಲ್ಲದ ಮೂಲಗಳನ್ನು ಮೊದಲು ತಳ್ಳಿಹಾಕಬೇಕು. ಟ್ಯಾಪೆಟ್ ಕವರ್ ಪ್ಯಾಕಿಂಗ್ ಗೇರ್‌ಬಾಕ್ಸ್ ಕಡೆಯ ಮೂಲೆಯಲ್ಲಿ ಗಡುಸಾಗಿಹೋಗಿ ಸೋರಿದರೆ ಆಯಿಲ್ ಎಂಜಿನ್ನಿನ ಗೋಡೆಗುಂಟ ಇಳಿದು ಬೆಲ್ ಹೌಸಿಂಗ್ ಸೇರುತ್ತದೆ. ಆಯಿಲ್ ಪ್ರೆಶರ್ ಸ್ವಿಚ್, ಕ್ಯಾಮ್ ಸೆನ್ಸರಿನ ಓ ರಿಂಗ್ (ರಬ್ಬರ್ ಬಳೆ), ಹಳೆಯ ಮಾರುತಿ 800ರಲ್ಲಿ ಡಿಸ್ಟ್ರಿಬ್ಯೂಟರಿನ ಓ ರಿಂಗ್ ಇವುಗಳದ್ದೂ ಇದೇ ಕಥೆ. ಫಿಲ್ಟರ್ ಬದಲಿಸುವಾಗ ಚೆಲ್ಲಿದ ಆಯಿಲ್ ಕೂಡ ಕೆಲವು ದಿನ ತೊಟ್ಟಿಕ್ಕುತ್ತದೆ, ಆದ್ದರಿಂದ ಸರ್ವೀಸ್ ಆದ ತಕ್ಷಣ ಕಂಡ ಲೀಕನ್ನು ತೊಳೆದು ನೋಡದೆ ನಂಬಬಾರದು. ಚಕ್ರದ ಒಳಬದಿಗೆ, ಫೆಂಡರಿನ ಒಳಗೆ ದಪ್ಪ ಕಪ್ಪು ಜಿಡ್ಡು ಸಿಡಿದಿದ್ದರೆ ಅದು ಚಕ್ರ ತಿರುಗಿಸುವ ಶಾಫ್ಟಿನ ಸಿವಿ ಜಾಯಿಂಟಿನ (ಬಾಗುವ ಕೀಲು) ರಬ್ಬರ್ ಬೂಟು ಹರಿದು ಬಂದ ಗ್ರೀಸ್.

ಗೇರ್‌ಬಾಕ್ಸಿನದ್ದೇ ಲೀಕ್ ಎಂದಾದರೆ, ಮುಂಚಕ್ರ ಎಳೆಯುವ ಕಾರುಗಳಲ್ಲಿ ಹೆಚ್ಚು ಸಿಗುವುದು ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಒಳಹೋಗುವಲ್ಲಿನ ಆಯಿಲ್ ಸೀಲ್‌ಗಳು, ಎಡಕ್ಕೊಂದು, ಬಲಕ್ಕೊಂದು. ಇವು ಆಯಿಲ್ ಮಟ್ಟಕ್ಕೆ ಹತ್ತಿರವಿರುವುದರಿಂದ ಕಾರು ನಿಂತಾಗಲೂ ಸೋರುತ್ತವೆ. ಕ್ರ್ಯಾಂಕಿನ ಹಿಂದಿನ ಸೀಲ್ ಹಾಗಲ್ಲ. ಅದು ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿನ ಮಟ್ಟಕ್ಕಿಂತ ಮೇಲಿದೆ. ಎಂಜಿನ್ ಓಡುವಾಗ ಸೋರಿ, ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಹನಿದು ನಿಲ್ಲುತ್ತದೆ. ಓಡಿಸಿ ಬಂದ ಮೊದಲ ಒಂದು ಗಂಟೆಯಲ್ಲಿ ಬಿದ್ದ ಹನಿ ಎಷ್ಟು, ರಾತ್ರಿಯಿಡೀ ಬಿದ್ದದ್ದು ಎಷ್ಟು ಎಂದು ಬೇರೆ ಬೇರೆ ರಟ್ಟು ಹಾಕಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿರಬೇಕು, ಅಷ್ಟೆ.

ಡ್ರೈವ್ ಶಾಫ್ಟ್ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಶಾಫ್ಟ್ ಎಳೆದರೆ ಸಾಕು. ಹಾಗಿದ್ದೂ ಈ ಕೆಲಸ ಕೆಡುವುದು ಹಾಕುವ ರೀತಿಯಲ್ಲಿ. ಹಳೆ ಸೀಲ್ ಮೀಟುವಾಗ ಕೇಸಿನ ಅಲ್ಯೂಮಿನಿಯಂ ಬೋರಿಗೆ ಗೀರು ಬಿದ್ದರೆ ಹೊಸ ಸೀಲಿನ ಹೊರಬದಿಯಿಂದಲೇ ಆಯಿಲ್ ಬರುತ್ತದೆ. ಸೀಲಿನ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗಿರಬೇಕು. ಶಾಫ್ಟಿಗೆ ತಾಗುವ ಒಳ ಅಂಚಿಗೆ, ಅಂದರೆ ತುಟಿಗೆ, ಸ್ವಲ್ಪ ಗೇರ್ ಆಯಿಲ್ ಸವರಿ, ಸೀಲಿನ ಹೊರ ಅಳತೆಯ ಪೈಪ್ ಇಟ್ಟು ಸುತ್ತ ಸಮವಾಗಿ ಬಡಿಯಬೇಕು, ಒಂದೇ ಕಡೆ ಸುತ್ತಿಗೆ ಏಟು ಬಿದ್ದರೆ ಸೀಲ್ ಓರೆ. ಕೆಲವು ಸೀಲ್‌ಗಳ ಮೇಲೆ ತಿರುಗುವ ದಿಕ್ಕಿನ ಬಾಣವಿರುತ್ತದೆ. ಎಡದ್ದು ಬಲಕ್ಕೆ ಹಾಕಿದರೆ ತುಟಿಯ ಓರೆ ಗೆರೆಗಳು ಆಯಿಲನ್ನು ಒಳಗೆ ತಳ್ಳುವ ಬದಲು ಹೊರಗೆ ತಳ್ಳುತ್ತವೆ. ಶಾಫ್ಟ್ ಮತ್ತೆ ತೂರಿಸುವಾಗ ಹಲ್ಲುಗಳು ಹೊಸ ತುಟಿಯನ್ನು ಕೊಯ್ಯುವುದು ಇನ್ನೊಂದು ಅಪಾಯ. ಶಾಫ್ಟನ್ನು ನೇರ ಹಿಡಿದು, ತುಟಿಗೆ ಭಾರ ಬೀಳದಂತೆ ತೂರಿಸಬೇಕು, ತುದಿಯಲ್ಲಿ ಶಾಫ್ಟ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಹೊಸದು ಹಾಕಬೇಕು. ಸೀಲ್ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ, ಅಥವಾ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಜೋಡಣೆ) ಬೇರಿಂಗಿನಲ್ಲಿ ಆಟ ಹೆಚ್ಚಿದ್ದರೆ, ಹೊಸ ಸೀಲೂ ಬಹುಕಾಲ ನಿಲ್ಲದು. ಇದನ್ನು ಮೆಕ್ಯಾನಿಕ್ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗೇರ್ ಬದಲಿಸುವ ಶಾಫ್ಟಿನ ಸೀಲ್ ಕೇಸಿನ ಮೇಲ್ಭಾಗದಲ್ಲಿದ್ದರೆ ಅಲ್ಲಿಂದ ಹರಿದದ್ದು ಕೆಳಗಿನ ಡ್ರೈವ್ ಶಾಫ್ಟ್ ಸೀಲಿನ ಲೀಕಿನಂತೆಯೇ ಕಾಣುತ್ತದೆ. ಧೂಳು ತುಂಬಿದ ಶಾಫ್ಟ್ ಒಳಗೆ ಹೊರಗೆ ಆಡುತ್ತ ತುಟಿಯನ್ನು ಸವೆಸುವುದೇ ಇದಕ್ಕೆ ಕಾರಣ. ರಿವರ್ಸ್ ಸ್ವಿಚ್ ಎರಡು ರೀತಿ ಸೋರುತ್ತದೆ: ವಾಷರಿನಿಂದ, ಇಲ್ಲವೇ ಸ್ವಿಚ್ಚಿನ ಒಡಲೊಳಗಿಂದಲೇ. ಕನೆಕ್ಟರ್ ಎಳೆದಾಗ ಒಳಗೆ ಆಯಿಲ್ ಇದ್ದರೆ ವಾಷರ್ ಬದಲಿಸಿ ಫಲವಿಲ್ಲ, ಸ್ವಿಚ್ಚೇ ಹೊಸದು ಬೇಕು. ಸ್ಪೀಡೋಮೀಟರ್ ಡ್ರೈವಿನ ಓ ರಿಂಗ್ ಚಿಕ್ಕ ಕೆಲಸ. ಆಯಿಲ್ ಹೊರಬಿಡುವ ಡ್ರೈನ್ ನಟ್ಟಿನ ವಾಷರ್ ಪ್ರತಿ ಸಲವೂ ಹೊಸದು ಹಾಕಬೇಕು, ಆದರೆ ಸೋರುತ್ತಿದೆ ಎಂದು ಸ್ಪ್ಯಾನರಿಗೆ ಉದ್ದ ಪೈಪ್ ಹಾಕಿ ಬಿಗಿದರೆ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತುಬರುತ್ತದೆ. ರಸ್ತೆ ಹಂಪ್, ಕಲ್ಲು ಬಡಿದ ಕಾರಿನಲ್ಲಿ ಕೇಸ್ ಕೂದಲೆಳೆಯಷ್ಟು ಬಿರಿದಿರಬಹುದು. ಅದು ತೊಳೆದಲ್ಲದೆ ಕಣ್ಣಿಗೆ ಬೀಳುವುದಿಲ್ಲ.

ಕೇಸಿನ ಎರಡು ಹೋಳು ಕೂಡುವ ಜೋಡಣೆಯಿಂದ ಆಯಿಲ್ ಬಂದರೆ ಹೊರಗಿನಿಂದ ಸಂದು ಮುಚ್ಚುವ ಪೇಸ್ಟ್ ಬಳಿಯುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರುಬಿಟ್ಟಿದೆ. ಒಳಗಿನಿಂದ ಒತ್ತಿ ಬರುವ ಆಯಿಲನ್ನು ಹೊರಗೆ ಬಳಿದ ಪೇಸ್ಟ್ ತಡೆಯದು. ಮುಂದಿನ ಮೆಕ್ಯಾನಿಕ್‌ಗೆ ಲೀಕಿನ ಮೂಲ ಕಾಣದಂತೆ ಮಾಡುತ್ತದೆ, ಅಷ್ಟೇ ಅದರ ಸಾಧನೆ. ಕೇಸ್ ಬಿಚ್ಚಿ ಹಳೆಯದನ್ನು ಪೂರ್ತಿ ಕೆರೆದು ತೆಳುವಾಗಿ ಒಂದೆಳೆ ಹಚ್ಚಬೇಕು. ದಪ್ಪ ಹಚ್ಚಿದರೆ ಹೆಚ್ಚುವರಿ ಪೇಸ್ಟ್ ಒಳಗೆ ಉದುರಿ ಆಯಿಲ್ ಹರಿಯುವ ದಾರಿ ಮುಚ್ಚುತ್ತದೆ.

ಇಡೀ ವಿಷಯದಲ್ಲಿ ಯಾರೂ ನೋಡದೆ ಬಿಡುವ ಭಾಗ ಬ್ರೀದರ್. ಗೇರ್‌ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಹೋಗಲು ಕೇಸಿನ ಮೇಲೆ ಸಣ್ಣ ಟೊಪ್ಪಿ ಅಥವಾ ಪೈಪ್ ಇರುತ್ತದೆ. ಕೆಸರು ರಸ್ತೆಯಲ್ಲಿ ಓಡಿದ ಕಾರಿನಲ್ಲಿ ಅದು ಮಣ್ಣು ತಿಂದು ಮುಚ್ಚಿಕೊಂಡರೆ ಒಳಗಿನ ಒತ್ತಡ ಒಳ್ಳೆಯ ಸೀಲುಗಳ ತುಟಿಯಿಂದಲೂ ಆಯಿಲ್ ನೂಕುತ್ತದೆ. ಎರಡೂ ಬದಿಯ ಸೀಲ್ ಒಟ್ಟಿಗೇ ಸೋರುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಬ್ರೀದರಿನಿಂದಲೇ ಆಯಿಲ್ ಉಕ್ಕುತ್ತಿದ್ದರೆ ಆಯಿಲ್ ಹೆಚ್ಚು ತುಂಬಿದೆ ಎಂದರ್ಥ. ಒಂದು ಬದಿ ಜಾಕ್ ಕೊಟ್ಟು ಓರೆ ನಿಲ್ಲಿಸಿ ತುಂಬಿದಾಗ ಹೀಗಾಗುತ್ತದೆ. ಎಂಜಿನ್ನಿಗೂ ಇದೇ ನ್ಯಾಯ. ಎಂಜಿನ್ ಒಳಗಿನ ಹೊಗೆಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡರೆ ಕ್ರ್ಯಾಂಕ್ ಕೇಸಿನ ಒತ್ತಡ ಹೆಚ್ಚಿ ಹಿಂದಿನ ಸೀಲ್ ಸೋರುತ್ತದೆ. ಅದನ್ನು ಸರಿಪಡಿಸದೆ ಸೀಲ್ ಮಾತ್ರ ಬದಲಿಸಿದರೆ ಹೊಸದೂ ಸೋರುತ್ತದೆ.

ಬ್ರೀದರಿಗೆ ಇನ್ನೊಂದು ಮುಖವಿದೆ. ಬಿಸಿ ಗೇರ್‌ಬಾಕ್ಸ್ ನೀರಿನಲ್ಲಿ ಮುಳುಗಿ ಹಠಾತ್ ತಣ್ಣಗಾದರೆ ಅದೇ ದಾರಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಕಡೆ ಕಾರುಗಳು ನೀರಿನಲ್ಲಿ ನಿಂತದ್ದು ಎಲ್ಲರಿಗೂ ನೆನಪಿದೆ. ಅಂಥ ನೀರಿನಲ್ಲಿ ನಿಂತ ಕಾರಿನ ಎಂಜಿನ್ ಆಯಿಲ್ ಬದಲಿಸಿ ಗೇರ್ ಆಯಿಲ್ ಮರೆತರೆ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ. ಆಯಿಲ್ ತುಂಬುವ ರಂಧ್ರದ ಫಿಲ್ಲರ್ ನಟ್ ತೆಗೆದಾಗ ಹಾಲು ಬೆರೆಸಿದ ಚಹಾದ ಬಣ್ಣದ ಆಯಿಲ್ ಕಂಡರೆ ನೀರು ಸೇರಿದೆ. ಬದಲಿಸಿ, ಸ್ವಲ್ಪ ಓಡಿಸಿ, ಬಣ್ಣ ತಿಳಿಯಾಗುವವರೆಗೆ ಮತ್ತೆ ಬದಲಿಸಬೇಕು.

ಮಟ್ಟ ನೋಡುವ ಕ್ರಮ ಹೀಗೆ. ಹೆಚ್ಚಿನ ಕಾರುಗಳ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಕಾರು ನಾಲ್ಕೂ ಚಕ್ರಗಳಲ್ಲಿ ಸಮತಟ್ಟಾಗಿ ನಿಂತಿರುವಾಗ ಫಿಲ್ಲರ್ ರಂಧ್ರದ ಕೆಳ ಅಂಚಿಗೆ ಆಯಿಲ್ ಮುಟ್ಟಿರಬೇಕು. ಬೆರಳು ಹಾಕಿ ನೋಡಬಹುದು. ಬಹಳ ದಿನಗಳಿಂದ ಸೋರುತ್ತಿದೆ ಎನ್ನುವ ಕಾರಿನ ಗೇರ್‌ಬಾಕ್ಸಿನಲ್ಲಿ, ನಡುವೆ ಯಾರೂ ಆಯಿಲ್ ಹಾಕಿರದಿದ್ದರೂ ಮಟ್ಟ ಅಂಚಿಗೇ ಇದ್ದರೆ ಸೋರುತ್ತಿರುವುದು ಗೇರ್ ಆಯಿಲ್ ಅಲ್ಲ. ಖರ್ಚಿಲ್ಲದ ಈ ಒಂದು ಪರೀಕ್ಷೆ ಎಷ್ಟೋ ಅನವಶ್ಯಕ ಕೆಲಸ ತಪ್ಪಿಸುತ್ತದೆ. ಆಯಿಲ್ ಬದಲಿಸುವಾಗಲೂ ಮೊದಲು ಫಿಲ್ಲರ್ ನಟ್ ಬಿಚ್ಚಿ, ಅದು ಬಿಟ್ಟಿತೆಂದು ಖಾತ್ರಿಯಾದ ಮೇಲೆಯೇ ಡ್ರೈನ್ ಬಿಚ್ಚಬೇಕು. ಮೊದಲೇ ಡ್ರೈನ್ ಬಿಚ್ಚಿ ಖಾಲಿ ಮಾಡಿ, ಫಿಲ್ಲರ್ ನಟ್ ತುಕ್ಕು ಹಿಡಿದು ಬಿಡದೆ ಹೋದರೆ ಕಾರು ಅಲ್ಲೇ ನಿಲ್ಲುತ್ತದೆ.

ಸಣ್ಣ ಕಾರುಗಳಲ್ಲಿ ಹಿಡಿಯುವುದು ಸುಮಾರು ಎರಡು ಲೀಟರ್. ಸುಮಾರು 20 ಹನಿಗೆ ಒಂದು ಮಿಲಿ ಲೀಟರ್ ಎಂದು ಹಿಡಿದರೆ, ನಿಮಿಷಕ್ಕೊಂದು ಹನಿ ಬೀಳುವ ಲೀಕ್ ದಿನಕ್ಕೆ 72 ಮಿ.ಲೀ. ಕಳೆಯುತ್ತದೆ. ಎರಡು ವಾರದಲ್ಲಿ ಅರ್ಧ ಗೇರ್‌ಬಾಕ್ಸ್ ಖಾಲಿ! ಕಡಿಮೆ ಆಯಿಲಿನಲ್ಲಿ ಓಡಿಸಿದರೆ, ಐದನೇ ಗೇರ್ ತುದಿಯ ಕವರಿನೊಳಗಿರುವ ಗೇರ್‌ಬಾಕ್ಸ್‌ಗಳಲ್ಲಿ ಆ ಗೇರೇ ಮೊದಲು ಒಣಗಿ ಸದ್ದು ಮಾಡುತ್ತದೆ. ಆ ಸದ್ದು ಕೇಳುವ ಹೊತ್ತಿಗೆ ಹಾನಿ ಆಗಿರುತ್ತದೆ. ಆದರೆ ಕೇಸಿನ ಮೇಲೆ ಧೂಳು ಅಂಟಿದ ತೇವವಿದ್ದು ಹನಿ ಕೆಳಗೆ ಬೀಳದಿದ್ದರೆ ಅದನ್ನು ಹಾಗೇ ಬಿಟ್ಟು ಪ್ರತಿ ಸರ್ವೀಸಿನಲ್ಲಿ ಮಟ್ಟ ನೋಡಿದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಕಾರಿನ ಪ್ರತಿ ಬೆವರಿಗೂ ಬಿಚ್ಚುವುದು ಬೇಡ. ತುಂಬುವ ಆಯಿಲ್ ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದೇ ಆಗಿರಲಿ. ಜಿಎಲ್-4 ಕೇಳಿರುವ ಕಡೆ ‘ಇದು ಅದಕ್ಕಿಂತ ಒಳ್ಳೆಯದು’ ಎಂದು ಜಿಎಲ್-5 ಹಾಕಿದರೆ ಅದರ ಹೆಚ್ಚಿನ ಗಂಧಕ-ರಂಜಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಸಿಂಕ್ರೊನೈಸರಿನ ಹಿತ್ತಾಳೆಯನ್ನು ತಿನ್ನಬಹುದು. ಗೇರ್ ಬೀಳುವುದೂ ಬಿರುಸಾಗುತ್ತದೆ.

ಬೆಲ್ ಹೌಸಿಂಗ್ ಒಳಗಿಂದಲೇ ಬರುತ್ತಿದೆ, ಮೇಲಿನ ಎಲ್ಲವನ್ನೂ ತಳ್ಳಿಹಾಕಿ ಆಯಿತು ಎಂದಾದಾಗ ಮಾತ್ರ ಗೇರ್‌ಬಾಕ್ಸ್ ಇಳಿಸುವ ಮಾತು. ಎಂಜಿನ್ ಆಯಿಲೋ ಗೇರ್ ಆಯಿಲೋ ಎಂದು ಇನ್ನೂ ಗೊಂದಲವಿದ್ದರೆ ಯುವಿ ಡೈಯನ್ನು (ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಬಣ್ಣ) ಮೊದಲು ಎಂಜಿನ್ನಿಗೆ ಮಾತ್ರ ಹಾಕಿ ಓಡಿಸಿ ಯುವಿ ಟಾರ್ಚಿನಲ್ಲಿ ನೋಡಿ. ಹನಿ ಹೊಳೆದರೆ ಎಂಜಿನ್ನಿನದು. ಎರಡಕ್ಕೂ ಒಟ್ಟಿಗೇ ಡೈ ಹಾಕಿದರೆ ಏನೂ ತಿಳಿಯದು. ಇಳಿಸಿದ ಮೇಲೆ ಕ್ರ್ಯಾಂಕಿನ ಹಿಂದಿನ ಸೀಲ್, ಇನ್‌ಪುಟ್ ಶಾಫ್ಟ್ ಸೀಲ್ ಎರಡನ್ನೂ ಬದಲಿಸಿಬಿಡಿ, ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ತಿರುಗಿಸಿ ನೋಡಿ. ಕೂಲಿ ಒಂದೇ. ಆಯಿಲ್ ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬಾರದು. ಬಿಸಿಯಾದಾಗ ಒಳಗೆ ಹೀರಿದ ಆಯಿಲ್ ಹೊರಬಂದು ಕ್ಲಚ್ ಜಾರುತ್ತದೆ, ಕಾರು ಹೊರಡುವಾಗ ನಡುಗುತ್ತದೆ. ಈಚಿನ ಎಂಜಿನ್‌ಗಳಲ್ಲಿ ಸ್ಪ್ರಿಂಗ್ ಇಲ್ಲದ ಟೆಫ್ಲಾನ್ ತುಟಿಯ ಕ್ರ್ಯಾಂಕ್ ಸೀಲ್ ಬಂದರೆ ಅದಕ್ಕೆ ಆಯಿಲ್, ಗ್ರೀಸ್ ಸವರಬಾರದು. ಒಣದಾಗಿಯೇ, ಜೊತೆಗೆ ಬಂದ ಪ್ಲಾಸ್ಟಿಕ್ ಬಳೆಯ ಸಹಾಯದಿಂದ ಕೂರಿಸಬೇಕು. ರಬ್ಬರ್ ತುಟಿಗೆ ಆಯಿಲ್ ಬೇಕು, ಇದಕ್ಕೆ ಬೇಡ. ಈ ವ್ಯತ್ಯಾಸ ತಿಳಿಯದೆ ಹೊಸ ಸೀಲ್ ಹಾಳಾಗುವುದುಂಟು.

ಬೊಲೆರೊ, ಓಮ್ನಿ, ಈಕೊದಂಥ ಹಿಂಚಕ್ರ ಎಳೆಯುವ ವಾಹನಗಳಲ್ಲಿ ಇವುಗಳ ಜೊತೆಗೆ ಹಿಂಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಒಳಸೇರುವ ಹಿಂದಿನ ಸೀಲ್ ನೋಡಬೇಕು. ಶಾಫ್ಟ್ ಮೇಲೆ ಕೆಳಗೆ ಅಲ್ಲಾಡಿದರೆ ಒಳಗಿನ ಬುಷ್ ಸವೆದಿದೆ. ಆಗ ಸೀಲ್ ಒಂದನ್ನೇ ಹಾಕುವುದು ವ್ಯರ್ಥ.

ರಸ್ತೆಗೆ ಬಿದ್ದ ಆಯಿಲ್ ಮೊದಲ ಮಳೆಗೆ ತೇಲಿ ದ್ವಿಚಕ್ರ ಸವಾರರನ್ನು ಬೀಳಿಸುತ್ತದೆ ಎಂಬುದನ್ನೂ ಕಾರಿನವರು ಮರೆಯಬಾರದು. ತೆಗೆದ ಹಳೆ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುವ ವಸ್ತು. ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಕೂಡಿಸಿ ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡಬೇಕು.

ಕಾರಿನವರಲ್ಲಿ ಒಂದು ವಿನಂತಿ: ಕೆಲಸಕ್ಕೆ ಒಪ್ಪುವ ಮುನ್ನ ತೊಳೆದ ಮೇಲಿನ ಒದ್ದೆ ಜಾಗವನ್ನು ನೀವೇ ಕಣ್ಣಾರೆ ನೋಡಿ, ಫೋಟೊ ತೆಗೆದುಕೊಳ್ಳಿ, ಯಾವ ಸೀಲ್ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ತೆಗೆದ ಹಳೆ ಸೀಲ್ ಕೇಳಿ ಪಡೆಯಿರಿ. ತೊಳೆದು ಓಡಿಸಿ ನೋಡುವ ಆ ಅರ್ಧ ದಿನಕ್ಕೆ ಮೆಕ್ಯಾನಿಕ್ ಕೂಲಿ ಕೇಳಿದರೆ ಚೌಕಾಸಿ ಮಾಡದೆ ಕೊಡಿ, ಅದೂ ದುಡಿಮೆಯೇ. ಕೆಲಸ ಮುಗಿದು 200–300 ಕಿ.ಮೀ. ಓಡಿಸಿದ ಮೇಲೆ ಮತ್ತೊಮ್ಮೆ ಲಿಫ್ಟಿಗೆ ಏರಿಸಿ ನೋಡಿ. ಬೆಲ್ ಹೌಸಿಂಗ್ ಒಳಗನ್ನು ಚೆನ್ನಾಗಿ ಒರೆಸದಿದ್ದರೆ ಹಳೆಯ ಆಯಿಲ್ ಮೊದಲ ಕೆಲವು ದಿನ ಒಂದೆರಡು ಹನಿ ಬೀಳಬಹುದು. ಅದು ದಿನದಿನಕ್ಕೆ ಕಡಿಮೆಯಾಗಬೇಕು. ಕಡಿಮೆಯಾಗದಿದ್ದರೆ ವಾರಂಟಿ ಅವಧಿಯೊಳಗೇ ಗ್ಯಾರೇಜಿಗೆ ಮರಳಿ ಒಯ್ಯಿರಿ.

ಇಂತಿ ನಿಮ್ಮ,
ಒಬ್ಬ ಮೆಕ್ಯಾನಿಕ್, ದಾವಣಗೆರೆ